ಭೂಮಿಯ ವಯಸ್ಸಿನ ಮೇಲೆ ವಿಶ್ವಾಸ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಭೂಮಿಗೆ ಬರೀ ಆರು ಸಾವಿರ ವರ್ಷ ವಯಸ್ಸು, ದೇವರು ಇಪ್ಪತ್ತನಾಲ್ಕು ಗಂಟೆಯ ಆರು ದಿನಗಳಲ್ಲಿ ಎಲ್ಲವನ್ನೂ ಸೃಷ್ಟಿಸಿದ, ಬಂಡೆಯ ಪದರಗಳು ಪಳೆಯುಳಿಕೆಗಳು ಎಲ್ಲ ನೋಹನ ಕಾಲದ ಜಲಪ್ರಳಯದಲ್ಲೇ ಆದವು. ಈ 'ಯುವ ಭೂಮಿ' ವಾದ ಅಮೆರಿಕದಲ್ಲಿ ದಶಕಗಳಿಂದ ಇದೆ. ಈಗ ವಿಡಿಯೋಗಳ ಮೂಲಕ ನಮ್ಮ ಕ್ರೈಸ್ತ ಸಭೆಗಳ ಯೂತ್ ಮೀಟಿಂಗ್‌ಗಳಿಗೆ, ವಾಟ್ಸಾಪ್ ಗುಂಪುಗಳಿಗೆ ಬಂದು ಕೂತಿದೆ. ವಾದ ಬಂದರೆ ಬರಲಿ, ಕೂತು ಮಾತಾಡೋಣ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಇದನ್ನು ಒಪ್ಪದವನು ಸತ್ಯವೇದವನ್ನೇ (ಬೈಬಲನ್ನೇ) ಒಪ್ಪದವನು, ಇವತ್ತು ಅದರ ಮೊದಲ ಪುಸ್ತಕವಾದ ಆದಿಕಾಂಡ ಬಿಟ್ಟವನು ನಾಳೆ ಯೇಸುವನ್ನೂ ಬಿಡುತ್ತಾನೆ. ನನ್ನ ತಕರಾರು ಈ ಎರಡನೆಯ ಮಾತಿನ ಮೇಲೆ.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಭಾನುವಾರ ಸಂಡೇ ಸ್ಕೂಲ್ ಪಾಠವನ್ನೂ ಮಾಡುತ್ತೇನೆ. ಎರಡೂ ಕಡೆ ಕೆಲವು ಮಕ್ಕಳು ಅವರೇ. ವಾರದ ದಿನ ವಿಕಿರಣದ ಪಾಠ ಕೇಳಿ, ಭಾನುವಾರ "ವಿಜ್ಞಾನಿಗಳೆಲ್ಲ ಸುಳ್ಳು ಹೇಳುತ್ತಾರೆ" ಎಂಬ ಪ್ರಸಂಗ ಕೇಳಿದ ಹುಡುಗಿ ಯಾವುದನ್ನು ನಂಬಬೇಕು? ಬಹಳ ಮಕ್ಕಳು ಜಗಳ ಮಾಡುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಡಿಗ್ರಿಗೆ ಬೇರೆ ಊರಿಗೆ ಹೋದ ಮೇಲೆ ಸುಮ್ನೆ ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ. ವಿಜ್ಞಾನ ಅವರನ್ನು ಕ್ರಿಸ್ತನಿಂದ ದೂರ ಮಾಡಿತು ಎಂದು ಹಿರಿಯರು ಹೇಳುತ್ತಾರೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಮೊದಲು ಹೇಳಿದ್ದು ನಾವೇ ಅಲ್ವಾ?

ಈ ಆರು ಸಾವಿರ ಎಲ್ಲಿಂದ ಬಂತು ಎಂದು ನೋಡಬೇಕು. ಸತ್ಯವೇದದ ಯಾವ ವಚನದಲ್ಲೂ ಆ ಸಂಖ್ಯೆ ಇಲ್ಲ. ವಂಶಾವಳಿಗಳ ವರ್ಷಗಳನ್ನು ಕೂಡಿಸಿ ಲೆಕ್ಕ ಹಾಕಿದವರು ಹಲವರು, ಹೆಸರು ಉಳಿದದ್ದು ಐರ್ಲೆಂಡಿನ ಆರ್ಮಾದ ಆರ್ಚ್‌ಬಿಷಪ್ ಜೇಮ್ಸ್ ಅಷರ್‌ದು. 1650ರಲ್ಲಿ ಆತ ಪ್ರಕಟಿಸಿದ ಲೆಕ್ಕದ ಪ್ರಕಾರ ಸೃಷ್ಟಿಯಾದದ್ದು ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ. ಅಷರ್ ದೊಡ್ಡ ವಿದ್ವಾಂಸ. ತನ್ನ ಕಾಲದಲ್ಲಿ ಸಿಕ್ಕ ಗ್ರೀಕ್, ಹೀಬ್ರೂ ದಾಖಲೆಗಳನ್ನೆಲ್ಲ ಜಾಲಾಡಿ, ಆಗ ಮಾಡಬಹುದಾದ ಅತ್ಯುತ್ತಮ ಕೆಲಸ ಮಾಡಿದ. 1701ರಿಂದ ಆ ಇಸವಿಗಳನ್ನು ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಅಚ್ಚು ಹಾಕತೊಡಗಿದರು. ಅಂಚಿನಲ್ಲಿದ್ದದ್ದನ್ನು ತಲೆಮಾರುಗಟ್ಟಲೆ ಓದಿದ ಜನಕ್ಕೆ ಅದೂ ವಚನದಷ್ಟೇ ಪವಿತ್ರ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆಮೇಲೆ ಭೂಮಿ ತುಂಬ ಹಳೆಯದು ಎಂದು ಕಂಡುಕೊಂಡವರಲ್ಲಿ ಪಾದ್ರಿಗಳೂ ಇದ್ದರು. ಇದನ್ನು ನಮ್ಮ ಯುವಕರಿಗೆ ಯಾರೂ ಹೇಳುವುದೇ ಇಲ್ಲ. ಕೇಂಬ್ರಿಡ್ಜ್‌ನ ಆಡಮ್ ಸೆಜ್ವಿಕ್ ಆಂಗ್ಲಿಕನ್ ಪಾದ್ರಿ, ಭೂವಿಜ್ಞಾನದ ಪ್ರಾಧ್ಯಾಪಕ. ಗುಡ್ಡಗಳ ಮೇಲಿನ ಮರಳು ಕಲ್ಲಿನ ರಾಶಿಯೆಲ್ಲ ಒಂದೇ ಮಹಾಪ್ರಳಯದ ಗುರುತು ಎಂದು ಆತ ನಂಬಿದ್ದ, ಬೋಧಿಸಿಯೂ ಇದ್ದ. ವರ್ಷಗಟ್ಟಲೆ ಹೊರಗೆ ಹೋಗಿ ನೋಡಿದಾಗ ಹೊಂದಲಿಲ್ಲ. 1831ರಲ್ಲಿ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯ ಅಧ್ಯಕ್ಷ ಸ್ಥಾನದಿಂದ ಇಳಿಯುವ ಹೊತ್ತಿನಲ್ಲಿ, ನಾನು ಹರಡಿದ್ದು ತಪ್ಪು, ಈಗ ಬಹಿರಂಗವಾಗಿ ಹಿಂತೆಗೆದುಕೊಳ್ಳುತ್ತೇನೆ ಎಂದು ಎಲ್ಲರೆದುರು ಓದಿ ಹೇಳಿದ. ಡಾರ್ವಿನ್‌ನ ವಿಕಾಸವಾದವನ್ನು ಆತ ಕೊನೆಯವರೆಗೂ ಒಪ್ಪಲಿಲ್ಲ, ಪಾದ್ರಿಯಾಗಿಯೇ ಸತ್ತ. ಅಂಥವನಿಗೂ ಬಂಡೆ ಹೇಳಿದ್ದನ್ನು ಮುಚ್ಚಿಡಬೇಕು ಅನ್ನಿಸಲಿಲ್ಲ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕಟ್ಟಾ ಸಂಪ್ರದಾಯವಾದಿಗಳಲ್ಲೂ ಬಹಳ ಜನ ಭೂಮಿ ಹಳೆಯದು ಎಂದೇ ಒಪ್ಪಿದ್ದರು. 1925ರಲ್ಲಿ ಟೆನೆಸಿಯ ಡೇಟನ್ ಊರಿನ ಕೋರ್ಟಿನಲ್ಲಿ ವಿಕಾಸವಾದದ ವಿರುದ್ಧ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನ್‌ನೇ, ಆದಿಕಾಂಡದ ದಿನ ಇಪ್ಪತ್ತನಾಲ್ಕು ಗಂಟೆಯದೇ ಆಗಿರಬೇಕಿಲ್ಲ ಎಂದು ಪ್ರಶ್ನೆಗೆ ಉತ್ತರಿಸಿದ. ಹಾಗಾದರೆ ಇವತ್ತಿನ ವಾದ ಎಲ್ಲಿಯದು? ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯ ಜಾರ್ಜ್ ಮೆಕ್ರೀಡಿ ಪ್ರೈಸ್ ತಾನೇ ಓದಿಕೊಂಡು ಪ್ರಳಯದ ಭೂವಿಜ್ಞಾನ ಎಂಬುದನ್ನು ಕಟ್ಟಿದ. 1961ರಲ್ಲಿ ಜಾನ್ ವಿಟ್‌ಕಾಂಬ್ ಎಂಬ ದೈವಶಾಸ್ತ್ರಜ್ಞ, ಹೆನ್ರಿ ಮಾರಿಸ್ ಎಂಬ ಇಂಜಿನಿಯರ್ ಸೇರಿ ಅದಕ್ಕೆ ಹೊಸ ರೂಪ ಕೊಟ್ಟು ಪುಸ್ತಕ ಬರೆದರು, ಅದು ಊರೂರಿಗೆ ಹೋಯಿತು. ಅಂದರೆ "ಅಪೊಸ್ತಲರ ಕಾಲದಿಂದ ಬಂದ ನಂಬಿಕೆ" ಎಂದು ನಮ್ಮ ಮಕ್ಕಳ ಮುಂದೆ ಇಡುತ್ತಿರುವ ಈ ಚೌಕಟ್ಟಿಗೆ ನಮ್ಮ ಸಭೆಯ ಎಷ್ಟೋ ಅಜ್ಜಿಯರಿಗಿಂತ ಕಡಿಮೆ ವಯಸ್ಸು.

ಹಿಂದಿನ ಸಭಾಪಿತೃಗಳನ್ನೇ, ಅಂದರೆ ಮೊದಲ ಶತಮಾನಗಳ ಕ್ರೈಸ್ತ ಗುರುಗಳನ್ನೇ ಕೇಳೋಣ. ನಾಲ್ಕನೆಯ ದಿನ ಸೂರ್ಯ ಬಂದ ಎಂದು ಆದಿಕಾಂಡ ಹೇಳುತ್ತದೆ. ಸೂರ್ಯನೇ ಇಲ್ಲದೆ ಮೊದಲ ಮೂರು ದಿನದ ಸಾಯಂಕಾಲ, ಪ್ರಾತಃಕಾಲ ಹೇಗೆ ಎಂದು ಮೂರನೇ ಶತಮಾನದ ಒರಿಗೆನ್ ಆಗಲೇ ಕೇಳಿದ್ದ. ಸಂತ ಅಗಸ್ಟಿನ್ ಇನ್ನೂ ಮುಂದೆ ಹೋದ. ಆಕಾಶ, ನಕ್ಷತ್ರ, ಪ್ರಾಣಿ, ಕಲ್ಲುಗಳ ಬಗ್ಗೆ ಚೆನ್ನಾಗಿ ತಿಳಿದ ಅವಿಶ್ವಾಸಿಯ ಮುಂದೆ ಕ್ರೈಸ್ತನೊಬ್ಬ ಸತ್ಯವೇದದ ಹೆಸರು ಹೇಳಿ ತಪ್ಪು ತಪ್ಪು ಮಾತಾಡಿದರೆ, ಕಣ್ಣಿಗೆ ಕಾಣುವುದರಲ್ಲೇ ತಪ್ಪಿದವರ ಗ್ರಂಥವನ್ನು ಆತ ಪುನರುತ್ಥಾನದ ವಿಷಯದಲ್ಲಿ ಹೇಗೆ ನಂಬುತ್ತಾನೆ ಎಂಬುದು ಅಗಸ್ಟಿನ್‌ನ ಚಿಂತೆ. ಐದನೇ ಶತಮಾನದ ಮಾತು ಇದು. ಡಾರ್ವಿನ್‌ಗೆ ಹೆದರಿ ಹೇಳಿದ್ದಲ್ಲ.

ಬಂಡೆಯ ವಯಸ್ಸು ಹೇಗೆ ಗೊತ್ತಾಗುತ್ತದೆ ಎಂಬುದನ್ನೂ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ವಿಡಿಯೋಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ. "ಕಾರ್ಬನ್ ಡೇಟಿಂಗ್ ನಂಬಬೇಡಿ" ಎಂದು ಅವರು ಶುರು ಮಾಡುತ್ತಾರೆ. ಕೋಟಿ ವರ್ಷದ ಬಂಡೆಗೆ ಕಾರ್ಬನ್ ಅಳತೆಯನ್ನು ಯಾರೂ ಬಳಸುವುದೇ ಇಲ್ಲ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೆಯಲ್ಲ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಬಂಡೆಗಳೊಳಗೆ ಜಿರ್ಕಾನ್ ಎಂಬ ಪುಟ್ಟ ಹರಳುಗಳು ಸಿಗುತ್ತವೆ, ಮರಳಿನ ಕಾಳಿಗಿಂತಲೂ ಸಣ್ಣವು. ಹುಟ್ಟುವಾಗ ಈ ಹರಳು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಕಾಲ ಕಳೆದ ಹಾಗೆ ಯುರೇನಿಯಂ ತಾನೇ ಸೀಸವಾಗುತ್ತದೆ, ಇದನ್ನೇ ವಿಕಿರಣ ಕ್ಷಯ ಎನ್ನುವುದು. ಯುರೇನಿಯಂ-238ರ ಅರ್ಧ ಭಾಗ ಹಾಗೆ ಬದಲಾಗಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರ ಇದ್ದ ಹಾಗೆ. ಎರಡೂ ಒಂದೇ ವಯಸ್ಸು ತೋರಿಸಿದರೆ ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ.

ಯುವ ಭೂಮಿ ವಾದಿಗಳಲ್ಲಿ ಓದಿದವರಿಗೆ ಇದು ಗೊತ್ತು. ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಕ್ರಿಯೇಷನ್ ರಿಸರ್ಚ್‌ನವರು 1997ರಲ್ಲಿ ಶುರು ಮಾಡಿ 2005ರಲ್ಲಿ ಮುಗಿಸಿದ ತಮ್ಮದೇ ಸಂಶೋಧನೆಯಲ್ಲಿ, ಇವತ್ತಿನ ವೇಗದಲ್ಲಿ ಆಗಿದ್ದರೆ 50 ಕೋಟಿ ವರ್ಷಕ್ಕೂ ಹೆಚ್ಚು ಹಿಡಿಯುವಷ್ಟು ವಿಕಿರಣ ಕ್ಷಯ ಬಂಡೆಗಳಲ್ಲಿ ನಿಜವಾಗಿಯೂ ನಡೆದಿದೆ ಎಂದು ಒಪ್ಪಿಕೊಂಡರು. ಹಾಗಾದರೆ ಆರು ಸಾವಿರ ಹೇಗೆ? ಸೃಷ್ಟಿಯ ವಾರದಲ್ಲಿ ಮತ್ತು ಪ್ರಳಯದ ವರ್ಷದಲ್ಲಿ ಕ್ಷಯದ ವೇಗ ವಿಪರೀತ ಹೆಚ್ಚಿತ್ತು ಎಂದರು. ಅಷ್ಟು ಕ್ಷಯ ಒಂದೇ ವರ್ಷದಲ್ಲಿ ಆದರೆ ಹೊರಬರುವ ಶಾಖಕ್ಕೆ ಬಂಡೆಗಳೇ ಕರಗಬೇಕು, ನಾವೆಯೊಳಗಿದ್ದ ನೋಹನ ಕುಟುಂಬದ ಗತಿ ಏನು? ಆ ಶಾಖದ ಸಮಸ್ಯೆಗೆ ಪರಿಹಾರ ಇನ್ನೂ ಸಿಕ್ಕಿಲ್ಲ ಎಂದೂ ಅವರೇ ಬರೆದರು. ಇದನ್ನು ಒಪ್ಪಿಕೊಂಡ ಅವರ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ನಮಗೆ ಬರುವ ವಿಡಿಯೋಗಳಲ್ಲಿ ಈ ಒಪ್ಪಿಗೆಯ ಸುಳಿವೂ ಇರುವುದಿಲ್ಲ.

ನನಗೆ ಅತಿ ಹೆಚ್ಚು ನೋವಾಗುವುದು ಸಭೆಯ ಸ್ವಂತ ವಿದ್ವಾಂಸರನ್ನು ಸಭೆಯೇ ಹೊರಗೆ ಕಳಿಸಿದ ಕಥೆಗಳಲ್ಲಿ. ಬ್ರೂಸ್ ವಾಲ್ಟ್ಕಿ ಹೀಬ್ರೂ ಭಾಷೆಯ ದೊಡ್ಡ ಪಂಡಿತ, ಎನ್‌ಐವಿ ಬೈಬಲ್ ಅನುವಾದ ಸಮಿತಿಯಲ್ಲಿದ್ದವರು. ನಮ್ಮ ಎಷ್ಟೋ ಪಾಸ್ಟರ್‌ಗಳು ಪ್ರಸಂಗಕ್ಕೆ ತಯಾರಾಗುವಾಗ ಪಕ್ಕಕ್ಕೆ ಇಟ್ಟುಕೊಳ್ಳುವ ಇಂಗ್ಲಿಷ್ ಬೈಬಲ್ ಅದೇ. 2010ರಲ್ಲಿ ಒಂದು ವಿಡಿಯೋದಲ್ಲಿ, ವಿಕಾಸವಾದಕ್ಕೆ ಸಾಕ್ಷ್ಯ ಅಷ್ಟು ಬಲವಾಗಿದ್ದರೆ ಅದನ್ನು ನಿರಾಕರಿಸುವ ಸಭೆ ಲೋಕದೊಡನೆ ಸಂಬಂಧವೇ ಇಲ್ಲದ ಸಣ್ಣ ಪಂಥವಾಗಿಬಿಡುತ್ತದೆ ಎಂಬ ಎಚ್ಚರಿಕೆ ಕೊಟ್ಟರು. ಗದ್ದಲವಾಯಿತು. ರಿಫಾರ್ಮ್ಡ್ ಥಿಯಾಲಾಜಿಕಲ್ ಸೆಮಿನರಿಗೆ ಅವರು ರಾಜೀನಾಮೆ ಕೊಟ್ಟರು, ಸೆಮಿನರಿ ಅಂಗೀಕರಿಸಿತು. ಜೀವಮಾನವಿಡೀ ಸತ್ಯವೇದದ ಒಂದೊಂದು ಪದವನ್ನೂ ಪ್ರೀತಿಯಿಂದ ಓದಿದ, ಆಗ ಎಂಬತ್ತರ ಹತ್ತಿರವಿದ್ದ ಮನುಷ್ಯ ಅವರು. ಆ ವಿಡಿಯೋ ಮಾಡಿದ ಬಯೋಲೋಗೋಸ್ ಸಂಸ್ಥೆಯನ್ನು ಕಟ್ಟಿದ್ದು ಫ್ರಾನ್ಸಿಸ್ ಕಾಲಿನ್ಸ್, ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದವರು, ಮುಚ್ಚುಮರೆ ಇಲ್ಲದ ಕ್ರೈಸ್ತ ವಿಶ್ವಾಸಿ. ಇಂಥವರು ನಮ್ಮವರಲ್ಲ ಎಂದರೆ ಇನ್ಯಾರು ನಮ್ಮವರು?

ಎದುರಿನವರ ಭಯ ನನಗೆ ಅರ್ಥವಾಗುತ್ತದೆ. ಆದಾಮನ ಪಾಪದಿಂದ ಮರಣ ಬಂತು ಎಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ, ಹಾಗಾದರೆ ಅದಕ್ಕೂ ಮೊದಲು ಕೋಟಿಗಟ್ಟಲೆ ವರ್ಷ ಪ್ರಾಣಿಗಳು ಸತ್ತದ್ದು ಹೇಗೆ ಎಂದು ಅವರು ಕೇಳುತ್ತಾರೆ. ಗಂಭೀರವಾದ ಪ್ರಶ್ನೆ. ಇದಕ್ಕೆ ದೈವಶಾಸ್ತ್ರಜ್ಞರು ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ, ಯಾವುದೂ ಪೂರ್ತಿ ಸುಲಭವಲ್ಲ. ಅದರ ಬಗ್ಗೆ ಸಭೆಯಲ್ಲಿ ಗಂಟೆಗಟ್ಟಲೆ ಮಾತಾಡೋಣ. ಯುವ ಭೂಮಿಯನ್ನೇ ನಂಬುವ ಟಾಡ್ ವುಡ್ ಎಂಬ ಜೀವವಿಜ್ಞಾನಿ, ವಿಕಾಸವಾದ ಕುಸಿಯುತ್ತಿದೆ ಎಂದು ಹೇಳುವುದು ಸರಿಯಲ್ಲ, ಅದಕ್ಕೆ ಸಾಕ್ಷ್ಯ ಬೇಕಾದಷ್ಟಿದೆ, ನಾನು ಅದನ್ನು ಒಪ್ಪದಿರುವುದು ನನ್ನ ವಿಶ್ವಾಸದ ಕಾರಣಕ್ಕೆ ಎಂದು ನೇರವಾಗಿ ಬರೆದಿದ್ದಾರೆ. ಇಂಥವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಕರ್ತನ ಭೋಜನ ತೆಗೆದುಕೊಳ್ಳಲು ನನಗೆ ಯಾವ ಅಡ್ಡಿಯೂ ಇಲ್ಲ.

ಇನ್ನು ನಮ್ಮ ಊರಿನ ವಿಷಯ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲೋ (ಯುಟಿಸಿ) ಮಂಗಳೂರು ಬಲ್ಮಠದ ಥಿಯಾಲಾಜಿಕಲ್ ಕಾಲೇಜಿನಲ್ಲೋ ಓದಿ ಬಂದ ಸಭಾಪಾಲಕರಿಗೆ ಹಳೆಯ ಒಡಂಬಡಿಕೆಯ ಚಾರಿತ್ರಿಕ ಹಿನ್ನೆಲೆ ಹೊಸದಲ್ಲ. ಆದಿಕಾಂಡದ ಮೊದಲ ಅಧ್ಯಾಯವನ್ನು ಬಾಬಿಲೋನಿನ ಸೃಷ್ಟಿಕಥೆಯ ಪಕ್ಕದಲ್ಲಿಟ್ಟು ಓದುವುದು ಅವರಿಗೆ ಗೊತ್ತು. ಅಲ್ಲಿ ದೇವತೆಗಳ ಯುದ್ಧ, ಇಲ್ಲಿ ಒಬ್ಬನೇ ದೇವರ ಮಾತು. ಬೇರೆ ಜನ ಪೂಜಿಸುತ್ತಿದ್ದ ಸೂರ್ಯ ಚಂದ್ರರು ಇಲ್ಲಿ ಬರೀ ದೀಪಗಳು. ಎಷ್ಟು ದೊಡ್ಡ ಮಾತು ಅದು! ಅದನ್ನು ಬಿಟ್ಟು ಗಂಟೆ ಲೆಕ್ಕಕ್ಕೆ ಜಗಳವಾಡುತ್ತೇವೆ. ಆದರೆ ಪ್ರಸಂಗಪೀಠ ಹತ್ತಿದ ಮೇಲೆ ಅವರಲ್ಲಿ ಬಹಳ ಜನ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಹಿರಿಯರು ಮುನಿಸಿಕೊಂಡಾರು, ಕುಟುಂಬಗಳು ಬೇರೆ ಸಭೆಗೆ ಹೋದಾವು ಎಂಬ ಹೆದರಿಕೆ. ಅವರು ಮೌನವಾಗಿದ್ದಷ್ಟೂ ದಿನ ಮಕ್ಕಳಿಗೆ ಪಾಠ ಹೇಳುವುದು ಮೊಬೈಲ್.

ಸಭಾಪಾಲಕರಿಗೆ, ಬಿಷಪ್‌ಗಳಿಗೆ, ಸಂಡೇ ಸ್ಕೂಲ್ ನಡೆಸುವವರಿಗೆ ನನ್ನ ಕೋರಿಕೆ ಇಷ್ಟೇ. ಸೆಮಿನರಿಯಲ್ಲಿ ಓದಿದ್ದನ್ನು ಸಭೆಯಲ್ಲೂ ಹೇಳಿ. ಭೂವಿಜ್ಞಾನ, ಖಗೋಳ, ಜೀವವಿಜ್ಞಾನ ಓದಿದ ವಿಶ್ವಾಸಿಗಳು ನಿಮ್ಮ ಬೆಂಚುಗಳಲ್ಲೇ ಕೂತಿದ್ದಾರೆ, ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ಶಾಲೆಗೆ (ವಿಬಿಎಸ್) ಅವರನ್ನು ಕರೆಯಿರಿ. ಯುವ ಭೂಮಿ ನಂಬುವವರನ್ನೂ ಕರೆಯಿರಿ, ಇಬ್ಬರೂ ಮಕ್ಕಳ ಎದುರಿಗೇ ಮಾತಾಡಲಿ. ಬ್ಯಾಪ್ಟಿಸಂಗೆ, ದೃಢೀಕರಣಕ್ಕೆ, ಯೂತ್ ಲೀಡರ್ ಆಯ್ಕೆಗೆ ಭೂಮಿಯ ವಯಸ್ಸಿನ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಇಡಬೇಡಿ. ನಾವು ಆರಾಧನೆಯಲ್ಲಿ ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಿ ಆ ಪ್ರಶ್ನೆ ಇಲ್ಲ.

ಇಂತಿ,
ಒಬ್ಬ ಸಂಡೇ ಸ್ಕೂಲ್ ಶಿಕ್ಷಕಿ
ಧಾರವಾಡ