ಯಂತ್ರಕ್ಕೆ ಮೊದಲು ನಮ್ಮ ಹೆಸರುಗಳ ಪರಿಚಯವಾಗಲಿ

ಮಾನ್ಯ ಸಂಪಾದಕರೆ,

ಹೆಚ್ಚು ಪ್ರೋಗ್ರಾಂ ಬರೆಯದೆಯೇ ಕಟ್ಟಬಹುದಾದ ‘ಲೋ-ಕೋಡ್’ ತಂತ್ರಾಂಶ ಮತ್ತು ಕೃತಕ ಬುದ್ಧಿಮತ್ತೆಯ ನೆರವಿನಿಂದ ಸರ್ಕಾರಿ ಸೇವೆಗಳನ್ನು ಇನ್ನಷ್ಟು ಬೇಗ ಡಿಜಿಟಲ್ ಮಾಡಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾಗಿರುವ ನಾನು ಇದನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಕೊಪ್ಪಳದಂಥ ಜಿಲ್ಲೆಯಲ್ಲಿ ಈ ಸಾಧನಗಳನ್ನು ಮೊದಲು ಯಾವ ಕೆಲಸಕ್ಕೆ ಹಚ್ಚಬೇಕು, ಯಾವ ಕೆಲಸವನ್ನು ಅವುಗಳ ಕೈಗೆ ಕೊಡಲೇಬಾರದು ಎಂಬುದರ ಬಗ್ಗೆ ಅನುಭವದಿಂದ ಕೆಲವು ಮಾತು ಹೇಳಬೇಕಾಗಿದೆ.

ನಮ್ಮ ಭಾಗದಲ್ಲಿ ತಾಲ್ಲೂಕು ಕಚೇರಿಯ ಕೌಂಟರಿನ ಮುಂದೆ ಅರ್ಜಿದಾರರು ನಿಂತು ಬಳಲುವುದಕ್ಕೆ ಅತಿ ದೊಡ್ಡ ಕಾರಣ ಹೆಸರು. ತುಂಗಭದ್ರೆಯ ದಡದ ಹುಲಿಗಿಯ ದೇವಿಯ ಹೆಸರನ್ನು ಹೆಣ್ಣುಮಕ್ಕಳಿಗೆ ಇಡದ ಊರು ಈ ಸುತ್ತಿನಲ್ಲಿ ಕಡಿಮೆ. ಅದೇ ಹೆಣ್ಣುಮಗಳು ಪಹಣಿಯಲ್ಲಿ ‘ಹುಲಿಗೆಮ್ಮ ಗಂ. ಯಮನೂರಪ್ಪ’, ಪಡಿತರ ಚೀಟಿಯಲ್ಲಿ ‘ಹುಲಗಮ್ಮ’, ಆಧಾರ್ ಕಾರ್ಡಿನಲ್ಲಿ ‘ಹುಲಿಗಮ್ಮ’, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆಯೇ ಒಂದು ರೂಪ. ‘ಗಂ.’ ಎಂದರೆ ಗಂಡ, ‘ತಂ.’ ಎಂದರೆ ತಂದೆ ಎಂಬುದು ನಮ್ಮ ಗ್ರಾಮ ಲೆಕ್ಕಿಗರಿಗೆ (ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ) ಹೇಳಿಕೊಡಬೇಕಾದ ವಿಷಯವಲ್ಲ. ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವ ತಂತ್ರಾಂಶಕ್ಕೆ ಮಾತ್ರ ಇವರು ನಾಲ್ವರು ಬೇರೆ ಬೇರೆ ಹೆಂಗಸರು. ನಮ್ಮ ಓಣಿಯ ವಿಧವೆಯೊಬ್ಬರು ಇದೇ ಕಾರಣಕ್ಕೆ ಬೆಳೆಹಾನಿ ಪರಿಹಾರಕ್ಕಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿಂಗಳುಗಟ್ಟಲೆ ಅಲೆದರು. ಎರಡೂ ಹೆಸರು ತಮ್ಮದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಲು ಅವರು ಕಳೆದುಕೊಂಡ ಕೂಲಿಯ ದಿನಗಳನ್ನು ಯಾವ ತಂತ್ರಾಂಶವೂ ಲೆಕ್ಕ ಹಿಡಿಯುವುದಿಲ್ಲ.

ಈ ತೊಡಕಿನಲ್ಲಿ ನಮ್ಮ ಪಾಲೂ ಇದೆ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. 2001ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ ಮುದ್ರಿತ ಪಹಣಿ ರೈತರ ಕೈಗೆ ಸಿಗತೊಡಗಿತು. ಕೈಬರಹದ ಪಹಣಿಗಾಗಿ ಕಾದು, ಕೈಬೆಚ್ಚಗೆ ಮಾಡಬೇಕಾಗಿದ್ದ ಕಾಲವನ್ನು ಕಂಡವರಿಗೆ ಅದು ಎಂಥ ಬಿಡುಗಡೆ ಎಂಬುದು ಗೊತ್ತು. ಆದರೆ ಗಡುವಿನ ಒತ್ತಡದಲ್ಲಿ ಪುಸ್ತಕದಲ್ಲಿದ್ದ ಹೆಸರನ್ನು ಇದ್ದಂತೆಯೇ ನಮೂದಿಸಿದೆವು. ಬರೆದವರ ತಪ್ಪುಗಳೂ ಅದರೊಂದಿಗೆ ಕಂಪ್ಯೂಟರಿಗೆ ಹೋದವು, ಅಲ್ಲಿಂದ ಮುಂದಿನ ಪ್ರತಿಯೊಂದು ಯೋಜನೆಗೂ ಹರಿದವು.

ಸಾಲು ಸಾಲು ಪ್ರೋಗ್ರಾಂ ಬರೆಯದೆ, ಸಿದ್ಧ ತುಣುಕುಗಳನ್ನು ಪರದೆಯ ಮೇಲೆ ಜೋಡಿಸಿ ಅರ್ಜಿಯ ನಮೂನೆಯನ್ನೂ ಕಡತ ಸಾಗುವ ದಾರಿಯನ್ನೂ ಕಟ್ಟುವ ವಿಧಾನವೇ ಲೋ-ಕೋಡ್. ನಮೂನೆಯಲ್ಲಿ ‘ಪಹಣಿಯಲ್ಲಿರುವ ಹೆಸರು’, ‘ಆಧಾರ್‌ನಲ್ಲಿರುವ ಹೆಸರು’ ಎಂದು ಎರಡು ಖಾನೆ ಬೇಕೆಂಬುದು ಕೌಂಟರಿನಲ್ಲಿ ಕುಳಿತ ನೌಕರನಿಗೆ ಮೊದಲ ದಿನವೇ ತಿಳಿಯುತ್ತದೆ. ಆದರೆ ಇಂದು ಅಷ್ಟು ಸಣ್ಣ ಬದಲಾವಣೆಗೂ ಬೆಂಗಳೂರಿಗೆ ಪತ್ರ ಬರೆದು ಕಾಯಬೇಕು. ತರಬೇತಿ ಪಡೆದ ಜಿಲ್ಲಾ ಮಟ್ಟದ ನೌಕರರೇ ನಮೂನೆಯನ್ನು ಸಿದ್ಧಪಡಿಸಿ, ಜಿಲ್ಲಾಧಿಕಾರಿಗಳ ಒಪ್ಪಿಗೆ ಪಡೆದು ಬಳಕೆಗೆ ತರುವ ಅಧಿಕಾರ ಸಿಕ್ಕರೆ ಈ ತಂತ್ರಜ್ಞಾನಕ್ಕೆ ಅರ್ಥ ಬಂದೀತು. ಅಧಿಕಾರ ಮೇಲೆಯೇ ಉಳಿದರೆ ಆಗುವುದು ಇಷ್ಟೇ: ಕಟ್ಟುವುದು ಅಗ್ಗವಾದದ್ದರಿಂದ ಪ್ರತಿ ಇಲಾಖೆಯೂ ಮತ್ತೊಂದು ಆ್ಯಪ್ ಹೊರತರುತ್ತದೆ, ಮತ್ತು ಅದು ಹೋಗಿ ಕೂರುವುದು ಅದೇ ಗ್ರಾಮ ಆಡಳಿತ ಅಧಿಕಾರಿಯ ಮೊಬೈಲಿನಲ್ಲಿ. ಸೌಕರ್ಯ ಕೊಡದೆ ಆ್ಯಪ್‌ಗಳ ಮೇಲೆ ಆ್ಯಪ್ ಹೇರಲಾಗುತ್ತಿದೆ ಎಂದು ಈ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದ್ದನ್ನು ಮರೆಯಬಾರದು.

ಇನ್ನು ಕೃತಕ ಬುದ್ಧಿಮತ್ತೆ. ಕನ್ನಡದ ಹೆಸರನ್ನು ಇಂಗ್ಲಿಷ್ ರೂಪದೊಂದಿಗೆ, ಗಂಡ ಅಥವಾ ತಂದೆಯ ಹೆಸರು, ಊರು, ಸರ್ವೆ ನಂಬರಿನೊಂದಿಗೆ ತಾಳೆ ನೋಡಿ, ‘ಈ ನಾಲ್ಕು ದಾಖಲೆ ಒಬ್ಬರವೇ ಇರಬಹುದು’ ಎಂದು ಪಟ್ಟಿ ಮಾಡಿಕೊಡುವ ಕೆಲಸಕ್ಕೆ ಅದನ್ನು ಮೊದಲು ಹಚ್ಚಲಿ. ಕೊಪ್ಪಳ, ರಾಯಚೂರು ಭಾಗ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದುದರಿಂದ ಹಳೆಯ ದಾಖಲೆಗಳು ಉರ್ದುವಿನಲ್ಲಿವೆ. ಅವನ್ನು ಓದಬಲ್ಲ ನೌಕರರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಆ ಕೈಬರಹವನ್ನು ಓದಲು ಯಂತ್ರಕ್ಕೆ ಕಲಿಸುವುದಿದ್ದರೆ, ಅದು ಓದಿದ್ದು ಸರಿಯೇ ಎಂದು ನೋಡಿ ಹೇಳುವ ಹಿರಿಯರು ಇರುವಾಗಲೇ ಕಲಿಸಬೇಕು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಆದೇಶಗಳೂ ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಬದಲಾಗಬೇಕು, ಇಲ್ಲವಾದರೆ ಯಂತ್ರಕ್ಕೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿಯೇ ಕಾಣುತ್ತವೆ.

ಆದರೆ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಯಂತ್ರಕ್ಕೆ ಬೇಡ. ನೆದರ್ಲೆಂಡ್ಸ್ ದೇಶದಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆಯುತ್ತಿದ್ದ ಸಾವಿರಾರು ಪೋಷಕರನ್ನು ತೆರಿಗೆ ಇಲಾಖೆ ವಂಚಕರೆಂದು ತಪ್ಪಾಗಿ ಪರಿಗಣಿಸಿ ಹಣ ವಾಪಸು ಕೇಳಿತು. ಯಾರ ಮೇಲೆ ಸಂಶಯಪಡಬೇಕೆಂದು ಸೂಚಿಸುವುದರಲ್ಲಿ ಕಂಪ್ಯೂಟರ್ ಲೆಕ್ಕಾಚಾರದ ಪಾತ್ರವೂ ಇತ್ತು. ಸಂಸಾರಗಳು ಸಾಲದಲ್ಲಿ ಮುಳುಗಿದವು, 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಡಬೇಕಾಯಿತು. ಓದುಬರಹ ಬಲ್ಲ, ವಕೀಲರು ಕೈಗೆಟಕುವ ದೇಶದ ಕಥೆಯೇ ಹೀಗಿರುವಾಗ, ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ರೈತರು ‘ನಿಮ್ಮ ಅರ್ಜಿ ತಿರಸ್ಕೃತವಾಗಿದೆ’ ಎಂಬ ಒಂದು ಸಾಲಿನ ಸಂದೇಶ ಹಿಡಿದು ಯಾರ ಬಳಿ ಹೋಗಬೇಕು? ನಮ್ಮಲ್ಲಿ ಇದಕ್ಕೆ ಮಾದರಿ ಇದೆ. 2011ರ ಸಕಾಲ ಕಾಯ್ದೆಯಲ್ಲಿ ಪ್ರತಿ ಸೇವೆಗೂ ಗಡುವು, ಹೊಣೆ ಹೊರುವ ಅಧಿಕಾರಿ, ಮೇಲ್ಮನವಿಯ ದಾರಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಎಂದು ಗೊತ್ತುಪಡಿಸಲಾಗಿತ್ತು. ಯಂತ್ರ ಎತ್ತಿದ ಪ್ರತಿ ಆಕ್ಷೇಪಕ್ಕೂ ಅದೇ ನಿಯಮ ಅನ್ವಯವಾಗಲಿ. ಕಾರಣ ಕನ್ನಡದಲ್ಲಿರಲಿ, ಕೆಳಗೆ ಅಧಿಕಾರಿಯೊಬ್ಬರ ಹೆಸರು ಮತ್ತು ಸಹಿ ಇರಲಿ.

ಜಿಲ್ಲಾಡಳಿತವು ಇಡೀ ಜಿಲ್ಲೆಗೆ ಕೈಹಾಕುವ ಮುನ್ನ ಒಂದು ಹೋಬಳಿಯಲ್ಲಿ ಇದನ್ನು ಮಾಡಿ ನೋಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ಯಂತ್ರ ಜೋಡಿಸಿಕೊಟ್ಟ ಹೆಸರುಗಳ ಪಟ್ಟಿಯನ್ನು ಆಯಾ ಊರಿನಲ್ಲಿ ಜನರೆದುರು ಗಟ್ಟಿಯಾಗಿ ಓದಿ, ಒಪ್ಪಿದವರ ದಾಖಲೆಗಳನ್ನಷ್ಟೇ ಒಂದುಗೂಡಿಸಬೇಕು. ಬೆಂಗಳೂರು, ಗೋವಾ ಕಡೆಗೆ ಗುಳೆ ಹೋದವರು ಯುಗಾದಿಗೆ ಊರಿಗೆ ಬರುತ್ತಾರೆ; ಪಟ್ಟಿ ಓದುವುದನ್ನು ಆ ವಾರಕ್ಕೇ ಇಟ್ಟುಕೊಂಡರೆ ಅವರ ಹೆಸರುಗಳೂ ಬಿಟ್ಟುಹೋಗುವುದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಕಂದಾಯ ನೌಕರ
ಕುಷ್ಟಗಿ, ಕೊಪ್ಪಳ ಜಿಲ್ಲೆ