ಅತ್ತಿಯ ನೋಟ್‌ಬುಕ್ಕಿನ ವಿಷಯ

ಕಲಬುರಗಿ
ಭಾನುವಾರ

ಮಗಳೇ,

ಫೋನಿನಲ್ಲಿ ಅಷ್ಟು ಜೋರು ಮಾಡಬಾರದಿತ್ತು. ಅಡುಗೆಮನೆಯಿಂದಲೇ ನಿಮ್ಮವ್ವ ಬೈದಳು. ಆದರೆ ತೀರಿಹೋದ ಅಕ್ಕನ ನೋಟ್‌ಬುಕ್ಕಿನ ಪದ್ಯಗಳನ್ನು ಪುಸ್ತಕ ಮಾಡಿ ನೀನು ಕಳಿಸಿದ ಪಿಡಿಎಫ್‌ನಲ್ಲಿ, ನಮ್ಮವ್ವನ ಮೇಲಿನ ಪದ್ಯ ನೋಡಿದ ಮೇಲೆ ಸುಮ್ನೆ ಇರುವುದು ನನ್ನಿಂದ ಆಗಲಿಲ್ಲ. ಮಂಗಳವಾರ ಪ್ರೆಸ್ಸಿಗೆ ಹೋಗುತ್ತದೆ ಅಂದೆಯಲ್ಲ, ಅಂಚೆಗೆ ಹಾಕಿದರೆ ಅಷ್ಟರಲ್ಲಿ ಪುಸ್ತಕವೇ ಆಗಿಹೋಗುತ್ತದೆ. ಇದರ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ನನ್ನ ಅಕ್ಷರ ನಿನಗೆ ಹೊಸದಲ್ಲ.

ಮೊದಲು ಒಂದು ಮಾತು. ನೀನು ಮಾಡಿದ್ದು ಸಣ್ಣ ಕೆಲಸವಲ್ಲ. ಮಾಸಿಹೋದ ಪೆನ್ಸಿಲ್ ಅಕ್ಷರ ಓದುವುದು ನನ್ನಂಥ ಪ್ರೂಫ್ ನೋಡಿದವನಿಗೇ ಕಷ್ಟ. ನೀನು ಎಲ್ಲ ಓದಿದೆ, ಟೈಪ್ ಮಾಡಿದೆ. ಹುಡುಕಿದರೂ ಒಂದು ಒತ್ತಕ್ಷರ ತಪ್ಪಿಲ್ಲ. ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಕೇಳಿ ನೋಡು.

ಆದರೆ ಆ ಪದ್ಯದ ಕೊನೆಯ ಎರಡು ಸಾಲು ನಿನ್ನವು. ನಿನ್ನ ಅತ್ತಿಯವಲ್ಲ.

ಅಕ್ಕ ಆ ಪದ್ಯ ತಂದದ್ದು ನೀನು ಹುಟ್ಟುವುದಕ್ಕೂ ಮೊದಲು. ಆಗ ನಾನು ಸೂಪರ್ ಮಾರ್ಕೆಟ್ ಹತ್ತಿರದ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಸೇಡಂನಿಂದ ಬಸ್ಸು ಹತ್ತಿ ಸೀದಾ ಅಲ್ಲಿಗೇ ಬಂದಳು. ಯಾವುದೋ ವಿಶೇಷ ಸಂಚಿಕೆಗೆ ಪದ್ಯ ಕೇಳಿದ್ದರು. ನಾನೇ ಜೋಡಿಸಿ, ಪ್ರೂಫ್ ತೆಗೆದು ಕೈಗೆ ಕೊಟ್ಟೆ. ಓದಿದಳು. ಮತ್ತೆ ಓದಿದಳು. ನನ್ನ ಜೇಬಿನ ಕೆಂಪು ಪೆನ್ನು ತಗೊಂಡು ಕೊನೆಯ ಎರಡು ಸಾಲು ಹೊಡೆದು ಹಾಕಿದಳು. ‘ಯಾಕ?’ ಅಂದೆ. ‘ಕೊನೀ ಸಾಲು ಸುಳ್ಳು ಹೇಳ್ಲಾಕತ್ತದ’ ಅಂದಳು. ಮಷಿನ್ ಮನುಷ್ಯ ಕಾಯುತ್ತಾ ನಿಂತಿದ್ದ, ಬೀಡಿ ಹಚ್ಚಲು ಹೊರಗೆ ಹೋದ. ಅವಳು ಪ್ರೂಫ್ ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡಳು. ಆ ಜಾಗಕ್ಕೆ ಮಾಲೀಕರು ಯಾವುದೋ ಸುಣ್ಣದ ಭಟ್ಟಿಯ ಜಾಹೀರಾತು ತುಂಬಿದರು.

ಏನು ಸುಳ್ಳು? ಅವ್ವ ಕೊನೆಗಾಲಕ್ಕೆ ಅಕ್ಕನನ್ನು ಕ್ಷಮಿಸಿದಳು ಅಂತ ಆ ಸಾಲಿನಲ್ಲಿ ಇತ್ತು. ಅವ್ವ ಕ್ಷಮಿಸಿದ್ದಳೋ ಇಲ್ಲವೋ, ಆ ಕೋಣೆಯಲ್ಲಿ ಇದ್ದವರು ಅವರಿಬ್ಬರೇ. ನನಗೂ ಗೊತ್ತಿಲ್ಲ, ನಿನ್ನ ಕಾಕಾನಿಗೂ ಗೊತ್ತಿಲ್ಲ. ಅದಾದ ಮೇಲೆ ಅಕ್ಕ ಆ ಪದ್ಯವನ್ನು ಎಷ್ಟು ನೋಟ್‌ಬುಕ್ಕಿನಲ್ಲಿ ಬರೆದಳೋ ನೀನೇ ನೋಡಿದ್ದೀ. ಎಲ್ಲ ಕಡೆ ಎರಡು ಸಾಲಿನ ಜಾಗ ಖಾಲಿ. ನೀನು ಅಲ್ಲಿ ಅವ್ವನ ಕೈ ಅಕ್ಕನ ತಲೆಯ ಮೇಲೆ ಇಟ್ಟುಬಿಟ್ಟೆ. ಸಾಲು ಚೆನ್ನಾಗಿಯೇ ಇವೆ. ಅದೇ ನನಗೆ ಹೆದರಿಕೆ. ಓದಿದವರು ಅಕ್ಕನೇ ಬರೆದದ್ದು ಅಂದುಕೊಳ್ಳುತ್ತಾರೆ, ನಿಜವಾಗಿ ಹಾಗೇ ನಡೆದಿತ್ತು ಅಂದುಕೊಳ್ಳುತ್ತಾರೆ. ಅವಳು ಇಷ್ಟು ವರ್ಷ ಬರೆಯಲಾರದೆ ಬಿಟ್ಟದ್ದನ್ನು ನೀನು ಒಂದು ಸಂಜೆ ಬರೆದು ಮುಗಿಸಿದೆ, ಅಲ್ವಾ?

‘ಅಪ್ಪಾ, ಕಾದಂಬರಿಕಾರ ಕಾಫ್ಕಾ ತನ್ನ ಬರಹವನ್ನೆಲ್ಲ ಸುಡು ಅಂದಿದ್ದರೂ ಗೆಳೆಯ ಸುಡಲಿಲ್ಲ’ ಅಂದೆ ನೀನು. ಸರಿ. ಆದರೆ ಆ ಗೆಳೆಯ ಮ್ಯಾಕ್ಸ್ ಬ್ರಾಡ್, ನಾನು ಸುಡುವುದಿಲ್ಲ ಅಂತ ಕಾಫ್ಕಾನಿಗೆ ಮೊದಲೇ ಮುಖಾಮುಖಿ ಹೇಳಿದ್ದರಂತೆ. 1924ರಲ್ಲಿ ಕಾಫ್ಕಾ ತೀರಿಕೊಂಡರು, ಮರುವರ್ಷವೇ ಕಾದಂಬರಿ ಹೊರಗೆ ಬಂತು. ಹೇಳಿಕೊಂಡು ಮಾತು ಮೀರುವುದು ಒಂದು. ಕೇಳುವವರು ಇಲ್ಲ ಅಂತ ಮೀರುವುದು ಇನ್ನೊಂದು. ಕಾದಂಬರಿಕಾರ ಮಾರ್ಕೆಸ್ ಅವರ ಮಕ್ಕಳನ್ನೂ ನೆನಪಿಸಿದೆ. ಈ ಪುಸ್ತಕ ಆಗಲಿಲ್ಲ, ನಾಶ ಮಾಡಿ ಅಂದಿದ್ದರು ಅಪ್ಪ. ಮಕ್ಕಳು 2024ರಲ್ಲಿ ಪ್ರಕಟಿಸಿದರು. ಆದರೆ ಇದು ದ್ರೋಹ ಅಂತ ಮುನ್ನುಡಿಯಲ್ಲಿ ತಾವೇ ಬರೆದುಕೊಂಡರಲ್ಲ? ಓದಿದವರು ತೂಗಿ ನೋಡಲಿ ಅಂತ ಮುಂದೆ ಇಟ್ಟರು. ನಿನ್ನ ಪಿಡಿಎಫ್‌ನಲ್ಲಿ ಮುನ್ನುಡಿಯೇ ಇಲ್ಲ.

ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ಕಥೆ ಹೇಳಿದವಳೂ ನೀನೇ, ಪಿಯುಸಿ ರಜೆಯಲ್ಲಿ. 1886ರಲ್ಲಿ ಆಕೆ ಸತ್ತ ಮೇಲೆ ತಂಗಿಗೆ ಪೆಟ್ಟಿಗೆಯಲ್ಲಿ ಪದ್ಯದ ರಾಶಿ ಸಿಕ್ಕಿತು. 1890ರಲ್ಲಿ ಅಚ್ಚು ಹಾಕಿದವರು ತಲೆಬರಹ ಕೊಟ್ಟರು, ಸಾಲಿನ ನಡುವಿನ ಗೀಟು (ಡ್ಯಾಶ್) ತೆಗೆದರು, ಪ್ರಾಸ ಸರಿಮಾಡಿದರು. ಕೆಟ್ಟ ಮನಸ್ಸಿನಿಂದಲ್ಲ, ಜನ ಓದಲಿ ಅಂತ. ಆಕೆ ಬರೆದ ಹಾಗೇ ಎಲ್ಲ ಪದ್ಯ ಒಟ್ಟಿಗೆ ಬರಲು 1955ರ ತನಕ ಕಾಯಬೇಕಾಯಿತು. ಆಕೆಯ ಕೈಬರಹ ಉಳಿದಿತ್ತು, ಬಚಾವಾಯಿತು. ಅಕ್ಕನ ನೋಟ್‌ಬುಕ್ಕಿಗೆ ಆಗಲೇ ಗೆದ್ದಲು ಹತ್ತಿದೆ.

ತತ್ವಪದದ ಮಾತು ತೆಗೆದೆಯಲ್ಲ, ಅದಕ್ಕೆ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಕಡಕೋಳ ಮಡಿವಾಳಪ್ಪನವರ ಪದ ರಾತ್ರಿಯಿಡೀ ಭಜನೆಯಲ್ಲಿ ಹಾಡುವಾಗ ಒಂದೊಂದು ಊರಿನವರು ಒಂದೊಂದು ನುಡಿ ಬದಲಿಸುತ್ತಾರೆ, ನಿಜ. ಆದರೆ ಅದು ಹಾಡಲಿ ಅಂತಲೇ ಊರಿಗೆ ಬಿಟ್ಟ ಪದ. ಅಕ್ಕ ಟ್ರಂಕಿಗೆ ಬೀಗ ಹಾಕಿ, ಕೀಲಿ ಕೊರಳಿನ ದಾರಕ್ಕೆ ಕಟ್ಟಿಕೊಂಡಿದ್ದಳು. ‘ನಾ ಹೋದ ಮ್ಯಾಲ ಒಲಿಗೆ ಹಾಕು’ ಅಂತ ನಗುತ್ತಾ ಅಂದದ್ದೂ ಉಂಟು. ನಾನು ಹಾಕಲಿಲ್ಲ. ಅದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ಸುಟ್ಟಿದ್ದರೆ ಈಗ ಕೂತು ಜಗಳ ಆಡಲಿಕ್ಕೂ ಏನೂ ಇರುತ್ತಿರಲಿಲ್ಲ.

ಮತ್ತೆ ಭಾಷಣ ಆಯಿತು ಅನ್ನುತ್ತೀ. ಆಗಲಿ.

ಕಾನೂನು ಕೇಳಿದರೆ, ಇಲ್ಲಿ ಕೃತಿಸ್ವಾಮ್ಯ ಬರೆದವರು ತೀರಿಕೊಂಡು 60 ವರ್ಷದ ತನಕ. ಬದುಕಿದ್ದಾಗ ಅಚ್ಚಾಗದೆ ಆಮೇಲೆ ಬಂದದ್ದಕ್ಕೆ, ಬಂದಾಗಿನಿಂದ 60. ಅಕ್ಕ ಮದುವೆ ಆಗಲಿಲ್ಲ, ಉಯಿಲು ಬರೆಯಲಿಲ್ಲ. ಹೀಗಾಗಿ ಹಕ್ಕು ನನಗೂ ನಿನ್ನ ಕಾಕಾನಿಗೂ ಬರುತ್ತದೆ. ಬೇಕಾದರೆ ಈಗಲೇ ಸಹಿ ಹಾಕಿಕೊಡುತ್ತೇನೆ. ಆದರೆ ನನ್ನ ಸಹಿ ಅಕ್ಕನ ಒಪ್ಪಿಗೆ ಆಗುತ್ತದೆಯೇ?

ಇನ್ನು ಆ ಪತ್ರದ ಕಟ್ಟು. ಯಾದಗಿರಿಯ ಟೀಚರ್ ಅಕ್ಕನಿಗೆ ಬರೆದವು. ಹಾಳೆ ಅಕ್ಕನದು, ಆದರೆ ಅದರೊಳಗಿನ ಮಾತು ಬರೆದವರದು. ಕಾನೂನೂ ಹಾಗೇ ಹೇಳುತ್ತದೆ. ಆಕೆ ಇನ್ನೂ ಇದ್ದಾರೆ, ಮೊಮ್ಮಕ್ಕಳಿದ್ದಾರೆ. ಅವುಗಳನ್ನು ಪುಸ್ತಕದ ಕೊನೆಗೆ ಹಾಕಿದ್ದೀ. ತೆಗೆದುಬಿಡು. ಈ ವಿಷಯದಲ್ಲಿ ವಾದ ಬೇಡ.

ಪುಸ್ತಕವೇ ಬೇಡ ಅಂತ ನಾನು ಅನ್ನುತ್ತಿಲ್ಲ. ರಟ್ಟಿನ ಉದ್ದ ನೋಟ್‌ಬುಕ್ಕಿನಲ್ಲಿ ಕಪ್ಪು ಇಂಕಿನಿಂದ ಶುದ್ಧ ಪ್ರತಿ ಮಾಡಿ, ಕೆಳಗೆ ತಾರೀಖು ಹಾಕಿದ್ದಾಳಲ್ಲ, ಅವನ್ನು ಹಾಕು. ಅವು ಮುಗಿದವು ಅಂತ ಅವಳೇ ಒಪ್ಪಿಕೊಂಡವು. ಹೊಡೆದು ಹಾಕಿದವು ಟ್ರಂಕಿನಲ್ಲೇ ಇರಲಿ. ಅವ್ವನ ಪದ್ಯ ಬಿಡಲು ನಿನಗೆ ಮನಸ್ಸಿಲ್ಲ ಅಂತ ಗೊತ್ತು, ನನಗೂ ಇಲ್ಲ. ಅದನ್ನು ಕೊನೆಗೆ ಹಾಕು, ಇದು ಮುಗಿದಿಲ್ಲ ಅಂತ ಬರೆ, ಎರಡು ಸಾಲಿನ ಜಾಗ ಹಾಗೇ ಖಾಲಿ ಬಿಡು. ನಿನ್ನ ಸಾಲು ನಿನ್ನ ಹೆಸರಿನಲ್ಲಿ ಬೇರೆ ಪದ್ಯ ಆಗಲಿ. ಆಗುತ್ತದೆ, ನಿನ್ನ ಕೈಯಲ್ಲಿ ಆಗುತ್ತದೆ.

ಪ್ರೆಸ್ಸಿನವರಿಗೆ ಒಂದು ವಾರ ತಡೆಯಲು ಹೇಳು. ಕೊನೆಯ ಪ್ರೂಫ್ ಪ್ರಿಂಟ್ ತೆಗೆಸಿ ಕಳಿಸು, ಅಕ್ಷರ ದೊಡ್ಡದಿರಲಿ. ಮೊಬೈಲಿನಲ್ಲಿ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ. ನಿನ್ನ ಕಾಕಾನಿಗೆ ನೀನೇ ಫೋನ್ ಮಾಡಿ ಕೇಳು. ನಾನು ಮಾಡಿದರೆ ಅವನು ಎತ್ತುವುದಿಲ್ಲ.

ನಿನ್ನ ಅಪ್ಪ