ರೂಪಾಯಿಯ ವಿಷಯದಲ್ಲಿ ನಮ್ಮಿಂದ ಏನನ್ನೂ ಮುಚ್ಚಿಡಬೇಡಿ: ಹಣಕಾಸು ಸಚಿವರಿಗೆ ತಿಪಟೂರಿನ ದಿನಸಿ ವ್ಯಾಪಾರಿಯ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಾದ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ತಿಪಟೂರಿನಿಂದ ನಮಸ್ಕಾರಗಳು. ತಾವು 2016ರಿಂದ ರಾಜ್ಯಸಭೆಯಲ್ಲಿ ಕರ್ನಾಟಕವನ್ನು ಪ್ರತಿನಿಧಿಸುತ್ತಿದ್ದೀರಿ. ನಮ್ಮ ಪ್ರತಿನಿಧಿ ಎಂಬ ಸಲುಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ಪೇಟೆಯ ಅಡ್ಡರಸ್ತೆಯೊಂದರಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ತಂದೆಯ ಕಾಲದ್ದು. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮೂವತ್ತನಾಲ್ಕು ವರ್ಷವಾಯಿತು.

2025ರ ಡಿಸೆಂಬರ್ ಮೊದಲ ವಾರದಲ್ಲಿ ಡಾಲರಿನ ಬೆಲೆ 90 ರೂಪಾಯಿ ದಾಟಿತು. ಅದಾದ ಎರಡು ದಿನಕ್ಕೆ, ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿಕೊಂಡು ನಮ್ಮ ಮೇಷ್ಟ್ರು ಬಂದರು. ಎಂಬತ್ತರ ಹತ್ತಿರದ ವಯಸ್ಸು. ಏಳನೆಯ ತರಗತಿಯಲ್ಲಿ ನನಗೆ ಚಕ್ರಬಡ್ಡಿಯ ಲೆಕ್ಕ ಕಲಿಸಿದವರು. ಏನನ್ನೂ ಕೊಳ್ಳಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದರು. ಯಾವುದೋ ದೇಶದಲ್ಲಿ ಜನ ಚೀಲದ ತುಂಬ ನೋಟು ಹೊತ್ತುಕೊಂಡು ಹೋಗಿ ಒಂದು ಬ್ರೆಡ್ ತರುತ್ತಿದ್ದರು. ಮುಂದಿನ ಸರದಿ ಭಾರತದ್ದು ಎಂದು ಹಿಂದಿನಿಂದ ಒಬ್ಬ ಕೂಗುತ್ತಿದ್ದ. ಮೇಷ್ಟ್ರು ದನಿ ತಗ್ಗಿಸಿ ಕೇಳಿದರು: “ಅಲ್ಲಪ್ಪಾ, ಬ್ಯಾಂಕಿನಲ್ಲಿ ಹನ್ನೊಂದು ಲಕ್ಷ ಇದೆ. ಎಲ್ಲ ತೆಗೆದು ಬಂಗಾರ ಮಾಡಿಬಿಡಲೇ?”

ಹತ್ತು ಗ್ರಾಂ ಬಂಗಾರ 1,25,000 ರೂಪಾಯಿ ದಾಟಿದ್ದ ದಿನಗಳು ಅವು. “ಅವಸರ ಮಾಡಬೇಡಿ ಮೇಷ್ಟ್ರೇ” ಎಂದೆ. ಏಕೆ ಮಾಡಬಾರದು ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆ ಉತ್ತರ ಇರಬೇಕಾದದ್ದು ತಮ್ಮ ಬಳಿ.

ಸಚಿವರೇ, ನನ್ನ ಅಂಗಡಿಯಲ್ಲಿ ಕೆಂಪು ಬಟ್ಟೆಯ ಹೊದಿಕೆಯ ಉದ್ದನೆಯ ಪುಸ್ತಕವೊಂದಿದೆ. ಉದ್ದರಿ ಪುಸ್ತಕ. ಅರವತ್ತಕ್ಕೂ ಹೆಚ್ಚು ಮನೆಗಳ ಲೆಕ್ಕ ಅದರಲ್ಲಿದೆ. ಈ ತಿಂಗಳು ಅಕ್ಕಿ, ಬೇಳೆ, ಎಣ್ಣೆ ಒಯ್ದವರು ಸಂಬಳವಾದ ಮೇಲೆ, ಬರುವ ತಿಂಗಳ ಐದನೇ ತಾರೀಖಿನ ಹೊತ್ತಿಗೆ ಹಣ ಕೊಡುತ್ತಾರೆ. ಇದನ್ನು ನಾವು ಗಿರಾಕಿಯ ಮೇಲಿನ ನಂಬಿಕೆ ಎನ್ನುತ್ತೇವೆ. ಅದು ಅರ್ಧ ಮಾತ್ರ ನಿಜ. ಬರುವ ತಿಂಗಳು ಅವರು ಕೊಡುವ ಸಾವಿರ ರೂಪಾಯಿಗೆ ನನಗೆ ಹೆಚ್ಚುಕಡಿಮೆ ಇಷ್ಟೇ ಅಕ್ಕಿ ಮಂಡಿಯಲ್ಲಿ ಸಿಗುತ್ತದೆ ಎಂಬ ನಂಬಿಕೆಯೂ ಅದರ ಜೊತೆಗಿದೆ. ಗಿರಾಕಿ ಎಷ್ಟೇ ಪ್ರಾಮಾಣಿಕನಾಗಿರಲಿ, ಆ ಎರಡನೆಯ ನಂಬಿಕೆ ಹೋದ ದಿನ ನಾನು ಪುಸ್ತಕ ಮುಚ್ಚಲೇಬೇಕು. ಮುಚ್ಚದಿದ್ದರೆ ಅಂಗಡಿ ಮುಚ್ಚಬೇಕಾಗುತ್ತದೆ. ದುಡ್ಡು ಕುಸಿದ ಊರಿನಲ್ಲಿ ಮೊದಲು ನಿಲ್ಲುವುದು ಉದ್ದರಿ. ಕೂಲಿಯವರ ಮನೆಯಲ್ಲಿ, ಮಗುವಿಗೆ ಜ್ವರ ಬಂದ ತಿಂಗಳಲ್ಲಿ, ಆ ಉದ್ದರಿಯ ಹೊರತು ಬೇರೆ ಬ್ಯಾಂಕಿಲ್ಲ.

ಈ ಪುಸ್ತಕದ ಹಳೆಯ ಪುಟಗಳನ್ನು ತಿರುಗಿಸಿದರೆ ರೂಪಾಯಿಯ ಚರಿತ್ರೆ ಕಾಣುತ್ತದೆ. 2022ರ ಫೆಬ್ರುವರಿಯವರೆಗೆ ಒಂದು ಮನೆಯ ಹೆಸರಿನಲ್ಲಿ ‘ಸೂರ್ಯಕಾಂತಿ ಎಣ್ಣೆ 3 ಲೀಟರ್’ ಎಂದಿದೆ. ಉಕ್ರೇನ್ ಯುದ್ಧ ಶುರುವಾದ ಮೇಲೆ ಅದು 2 ಆಯಿತು. ಏಪ್ರಿಲ್ ಕೊನೆಯಲ್ಲಿ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಮೇ ತಿಂಗಳ ಪುಟದಲ್ಲಿ ‘ಪಾಮ್ ಎಣ್ಣೆ 1’ ಎಂದಷ್ಟೇ ಇದೆ. ಆ ತಾಯಿ ಹಬ್ಬಕ್ಕೂ ಒಬ್ಬಟ್ಟು ಮಾಡುವುದನ್ನು ಬಿಟ್ಟರು. ನಾವು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು, ಉರಿಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ತೆಂಗಿನ ತೋಟಕ್ಕೆ ಹಾಕುವ ಪೊಟ್ಯಾಷ್ ಪೂರ್ತಿ ಆಮದು. ಎಲ್ಲಕ್ಕೂ ಡಾಲರ್ ಕೊಡಬೇಕು. ಡಾಲರ್ ಎಂದರೆ ಶ್ರೀಮಂತರ ವಿಷಯ ಎನ್ನುವವರು ಒಮ್ಮೆ ನನ್ನ ಅಂಗಡಿಯಲ್ಲಿ ಬಂದು ಕುಳಿತುಕೊಳ್ಳಲಿ.

ನಮ್ಮ ಬೀದಿಯ ತೆಂಗು ಬೆಳೆಗಾರರೊಬ್ಬರು ತೋಟವನ್ನು ಬ್ಯಾಂಕಿಗೆ ಅಡವಿಟ್ಟು ಮಗನನ್ನು ಅಮೆರಿಕಕ್ಕೆ ಓದಲು ಕಳಿಸಿದ್ದಾರೆ. ವರ್ಷದ ಶುಲ್ಕ 25,000 ಡಾಲರ್. 83 ರೂಪಾಯಿ ಇದ್ದಾಗ ಅದು 20,75,000. 90 ಆದಾಗ 22,50,000. ಹುಡುಗ ಒಂದು ಪಾಠವನ್ನೂ ಹೆಚ್ಚಿಗೆ ಕಲಿಯಲಿಲ್ಲ, ತಂದೆಯ ಸಾಲ ಮಾತ್ರ 1,75,000 ಬೆಳೆಯಿತು.

2022ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ತಾವು, ರೂಪಾಯಿ ಜಾರುತ್ತಿದೆ ಎಂದು ನೋಡುವುದಿಲ್ಲ, ಡಾಲರ್ ಬಲಗೊಳ್ಳುತ್ತಿದೆ ಎಂದು ನೋಡುತ್ತೇನೆ ಎಂಬರ್ಥದ ಮಾತು ಹೇಳಿದ್ದಿರಿ. ಆ ವರ್ಷದ ಮಟ್ಟಿಗೆ ಅದರಲ್ಲಿ ಹುರುಳಿತ್ತು. ಯೂರೊ, ಯೆನ್, ಪೌಂಡ್ ಎಲ್ಲವೂ ಆಗ ಇಳಿದಿದ್ದವು. ಆದರೆ 2025ರಲ್ಲಿ ಡಾಲರ್ ತಾನೇ ಯೂರೊ ಮತ್ತು ಪೌಂಡ್‌ಗಳ ಎದುರು ಇಳಿಯಿತು. ಆಗಲೂ ನಮ್ಮ ರೂಪಾಯಿ 86ರ ಒಳಗಿದ್ದದ್ದು 90ರ ಗಡಿಗೆ ಹೋಯಿತು. ನಮ್ಮ ಸರಕಿನ ಮೇಲೆ ಅಮೆರಿಕ ಹೇರಿದ ಶೇ 50ರ ಸುಂಕ, ಷೇರುಪೇಟೆಯಿಂದ ಹಣ ತೆಗೆದುಕೊಂಡು ಹೋದ ವಿದೇಶಿ ಹೂಡಿಕೆದಾರರು, ಹೀಗೆ ಕಾರಣಗಳು ಇದ್ದವು. ಮುಚ್ಚುಮರೆ ಇಲ್ಲದೆ ಅವನ್ನು ನಮಗೆ ಹೇಳಿದ್ದರೆ ಮೇಷ್ಟ್ರು ಆ ವಿಡಿಯೊದವನ ಮಾತಿಗೆ ಕಿವಿ ಕೊಡುತ್ತಿರಲಿಲ್ಲ.

ಜನರನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ನಾಳೆ ಬೆಳಗ್ಗೆ ರೂಪಾಯಿ ನೆಲಕಚ್ಚುತ್ತದೆ ಎಂದು ನಾನೂ ನಂಬಿಲ್ಲ. ಡಾಲರ್ 90 ದಾಟಿದ ವಾರದಲ್ಲೂ ರಿಸರ್ವ್ ಬ್ಯಾಂಕಿನ ವಿದೇಶಿ ವಿನಿಮಯ ಮೀಸಲು 680 ಶತಕೋಟಿ ಡಾಲರಿಗೂ ಮಿಗಿಲಿತ್ತು. ಅಕ್ಟೋಬರ್‌ನ ಚಿಲ್ಲರೆ ಹಣದುಬ್ಬರ ಬರೀ ಶೇ 0.25 ಇತ್ತು. ತರಕಾರಿ ಅಗ್ಗವಾಗಿತ್ತು, ನಿಜ. 1991ರಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಕೆಲವು ವಾರಗಳ ಆಮದಿಗೆ ಸಾಲುವಷ್ಟು ಡಾಲರ್ ಮಾತ್ರ ಉಳಿದಿತ್ತು. ಸುಮಾರು 47 ಟನ್ ಬಂಗಾರವನ್ನು ಹೊರದೇಶಕ್ಕೆ ಸಾಗಿಸಿ ಅಡವಿಟ್ಟರು. ಅದು ಸದ್ದಿಲ್ಲದೆ ನಡೆದ ಕೆಲಸ, ದೇಶಕ್ಕೆ ಗೊತ್ತಾದದ್ದು ಪತ್ರಿಕೆಯವರು ಬರೆದ ಮೇಲೆ. ನಮ್ಮ ತಂದೆ ಆ ಸುದ್ದಿಯನ್ನು ಅಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದರು. ಮುಗಿದ ಮೇಲೆ ತುಂಬ ಹೊತ್ತು ಮಾತಾಡಲಿಲ್ಲ. ಒಡವೆ ಒತ್ತೆಯಿಟ್ಟದ್ದಕ್ಕೆ ಅವರಿಗೆ ಬೇಸರವಾಗಿರಲಿಲ್ಲ. ಕಷ್ಟ ಬಂದ ಮನೆಯಲ್ಲಿ ಯಾರಾದರೂ ಇಡುತ್ತಾರೆ. ಮನೆಯವರಿಗೆ ಹೇಳದೆ ಇಟ್ಟರಲ್ಲ ಎಂದು ನೊಂದಿದ್ದರು.

ಹೇಳದೆ ಮುಚ್ಚಿಡುವುದು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನೆರೆಯ ಶ್ರೀಲಂಕಾದಲ್ಲಿ ನೋಡಿದೆವು. 2022ರ ಮಾರ್ಚ್ ಆರಂಭದವರೆಗೆ ಅಲ್ಲಿ ಡಾಲರನ್ನು ಆ ದೇಶದ 200 ರೂಪಾಯಿಯ ಆಸುಪಾಸಿನಲ್ಲಿ ಬಲವಂತವಾಗಿ ಹಿಡಿದಿಟ್ಟಿದ್ದರು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವು ಬೇಡವೇ ಬೇಡ ಎಂದು ಅಧಿಕಾರದಲ್ಲಿದ್ದವರು ತಿಂಗಳುಗಟ್ಟಲೆ ಹೇಳುತ್ತ ಬಂದರು. ಹಿಡಿದಿಟ್ಟ ದರವನ್ನು ಕೈಬಿಟ್ಟ ಎರಡೇ ತಿಂಗಳಲ್ಲಿ ಡಾಲರ್ 360ರ ಹತ್ತಿರ ಹೋಯಿತು. ಸೆಪ್ಟೆಂಬರ್ ಹೊತ್ತಿಗೆ ಹಣದುಬ್ಬರ ಶೇ 70 ಮುಟ್ಟಿತು. ಕಾಗದ ತರಿಸಲು ಡಾಲರ್ ಇಲ್ಲದೆ ಮಕ್ಕಳ ಪರೀಕ್ಷೆ ಮುಂದೂಡಿದರು. ಸೀಮೆಎಣ್ಣೆಗೆ, ಪೆಟ್ರೋಲಿಗೆ ಬಿಸಿಲಲ್ಲಿ ಸಾಲು ನಿಂತ ಮುದುಕರು ಸಾಲಿನಲ್ಲೇ ಕುಸಿದು ಸತ್ತರು. ಹಸಿವು ತಾಳಲಾರದೆ ಕೆಲವು ಸಂಸಾರಗಳು ದೋಣಿ ಹತ್ತಿ ರಾಮೇಶ್ವರದ ದಡಕ್ಕೆ ಬಂದವು.

ಲೆಬನಾನ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಡಾಲರಿಗೆ ಅಲ್ಲಿನ 1,507 ಪೌಂಡ್ ಎಂದೇ ನಿಗದಿಯಾಗಿತ್ತು. 2019ರಲ್ಲಿ ಕಟ್ಟೆ ಒಡೆಯಿತು. 2023ರಲ್ಲಿ ಪೇಟೆಯ ದರ ಒಂದು ಲಕ್ಷ ದಾಟಿತು. ಬ್ಯಾಂಕುಗಳು ಜನರ ಠೇವಣಿಯನ್ನು ಜನರಿಗೇ ಕೊಡಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೈರೂತ್‌ನ ಒಬ್ಬ ಹೆಣ್ಣುಮಗಳು ತಂಗಿಯ ಕ್ಯಾನ್ಸರ್ ಚಿಕಿತ್ಸೆಗಾಗಿ ಆಟಿಕೆಯ ಪಿಸ್ತೂಲು ಹಿಡಿದು ಬ್ಯಾಂಕಿಗೆ ನುಗ್ಗಿ ತಮ್ಮದೇ ಹಣವನ್ನು ತಂದರು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರ್ಯಾದೆಯಿಂದ ಬಾಳಿದ ಒಬ್ಬ ಹೆಂಗಸನ್ನು ಅಲ್ಲಿಯವರೆಗೆ ತಳ್ಳಿದ್ದು ಏನು ಎಂದೇ ಯೋಚಿಸುತ್ತಿದ್ದೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. 2016ರಲ್ಲಿ ತಿದ್ದುಪಡಿಯಾದ ರಿಸರ್ವ್ ಬ್ಯಾಂಕ್ ಕಾಯ್ದೆಯ ಪ್ರಕಾರ, ಹಣದುಬ್ಬರ ಸತತ ಮೂರು ತ್ರೈಮಾಸಿಕ ಸರ್ಕಾರ ಗೊತ್ತುಮಾಡಿದ ಮಿತಿಯ ಹೊರಗುಳಿದರೆ ಏಕೆ ಹೀಗಾಯಿತು, ಹೇಗೆ ಸರಿಪಡಿಸುತ್ತೇವೆ ಎಂದು ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಬರೆದು ತಿಳಿಸಬೇಕು. 2022ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಅಂಥ ಪತ್ರ ಬರೆಯಲಾಯಿತು. ಅದನ್ನು ಬಹಿರಂಗಪಡಿಸಲಿಲ್ಲ. ಬಹಿರಂಗಪಡಿಸಲು ಕಾಯ್ದೆಯಲ್ಲಿ ಅವಕಾಶ ಕಲ್ಪಿಸಿಲ್ಲ ಎಂದು ಸಂಸತ್ತಿನಲ್ಲಿ ಉತ್ತರ ಬಂತು. ಸಚಿವರೇ, ಎಣ್ಣೆಯನ್ನು ಮೂರು ಲೀಟರಿನಿಂದ ಒಂದಕ್ಕೆ ಇಳಿಸಿದವರು ಆ ತಾಯಿ. ಕಾರಣ ಹೇಳುವ ಪತ್ರ ಅವರಿಗೆ ತಲುಪಬೇಡವೇ? ಆ ಪತ್ರವನ್ನು ಪ್ರಕಟಿಸಿ. ಮುಂದಿನವು ತಾವಾಗಿಯೇ ಪ್ರಕಟವಾಗುವಂತೆ ಕಾಯ್ದೆ ತಿದ್ದಿ.

ತಿಂಗಳಿಗೊಮ್ಮೆ ಆಕಾಶವಾಣಿಯಲ್ಲಿ, ಚಂದನದಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ಹೇಳಿಸಿ: ರೂಪಾಯಿ ಎಲ್ಲಿದೆ, ಏಕೆ ಅಲ್ಲಿದೆ, ಯಾವ ಪದಾರ್ಥ ತುಟ್ಟಿಯಾಗಬಹುದು. ತುಟ್ಟಿಯಾಗುತ್ತದೆ ಎಂದು ಮೊದಲೇ ಹೇಳಿದರೆ ಜನ ದಂಗೆ ಏಳುವುದಿಲ್ಲ, ಖರ್ಚು ಹಿಡಿಯುತ್ತಾರೆ. ಇನ್ನು ಠೇವಣಿಯ ಮಾತು. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಐದು ಲಕ್ಷದವರೆಗೆ ಮಾತ್ರ ವಿಮೆ ಇದೆ ಎಂಬುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಹನ್ನೊಂದು ಲಕ್ಷವೂ ಒಂದೇ ಕಡೆ ಇತ್ತು. 2020ರಲ್ಲಿ ಒಂದು ಲಕ್ಷವಿದ್ದ ಮಿತಿಯನ್ನು ಐದಕ್ಕೆ ಏರಿಸಿದ್ದು ತಾವೇ. ನಿವೃತ್ತರ ಮಟ್ಟಿಗಾದರೂ ಅದನ್ನು ಇನ್ನೂ ಏರಿಸಿ. ಪ್ರತಿ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಅದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.

ಮೇಷ್ಟ್ರು ಮೂರು ಲಕ್ಷ ತೆಗೆದು ಬಂಗಾರ ಕೊಂಡರು. ಉಳಿದದ್ದನ್ನು ಏನು ಮಾಡಲಿ ಎಂದು ಕೇಳಲು ಮತ್ತೆ ಬರುತ್ತೇನೆ ಎಂದಿದ್ದಾರೆ. ಅವರು ಬರುವ ಮೊದಲು ತಮ್ಮ ಸಹಿಯಿರುವ ಒಂದು ಉತ್ತರ ನನ್ನ ಕೈಯಲ್ಲಿರಬೇಕು. ಅದನ್ನು ಗಲ್ಲಾಪೆಟ್ಟಿಗೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಿಪಟೂರಿನ ಒಬ್ಬ ದಿನಸಿ ವ್ಯಾಪಾರಿ